ಬಾಸ್ ವಿಡಿಯೊ ನೋಡಿ ಲ್ಯೂರ್ ತರಿಸುವ ಮೊದಲು: ಮಲೆನಾಡಿನ ಚಳಿಗಾಲಕ್ಕೆ ಕೊರವನ ಗಾಳ

ಕಾರ್ತಿಕ ಕಳೆದು ಬೆಳಗಿನ ಮಂಜು ಕೆರೆಗಳ ಮೇಲೆ ಕೂರಲು ಶುರುವಾದರೆ ಸಾಕು, ಓದುಗರ ಪ್ರಶ್ನೆ ಒಂದೇ: “ಚಳಿಗಾಲಕ್ಕೆ ಯಾವ ಲ್ಯೂರ್ ತಗೊಳ್ಳಲಿ ಸಾರ್?” ಕೇಳುವವರು ಜೊತೆಗೊಂದು ವಿಡಿಯೊವನ್ನೂ ಕಳಿಸಿರುತ್ತಾರೆ. ಅಮೆರಿಕದ ಯಾವುದೋ ಸರೋವರ, ದಪ್ಪ ಜಾಕೆಟ್ ತೊಟ್ಟವರು, ಕೈಯಲ್ಲಿ ಅಗಲ ಬಾಯಿಯ ಬಾಸ್ ಮೀನು. ಅದರಲ್ಲಿ ತೋರಿಸಿದ ಲ್ಯೂರುಗಳನ್ನೇ ತರಿಸಬೇಕು ಅನ್ನುವುದು ಹೆಚ್ಚಿನವರ ಯೋಚನೆ.

ಲ್ಯೂರ್ ಅಂದರೆ ಎರೆಹುಳು, ಸಿಗಡಿಯ ಬದಲು ಗಾಳಕ್ಕೆ ಕಟ್ಟುವ ಕೃತಕ ಎರೆ. ರಬ್ಬರಿನ ಕಪ್ಪೆ, ಪ್ಲಾಸ್ಟಿಕ್ ಮೀನು, ಹೊಳೆಯುವ ತಗಡಿನ ಚಮಚ, ಎಲ್ಲವೂ ಲ್ಯೂರುಗಳೇ.

ಆ ವಿಡಿಯೊದ ಬಾಸ್ ಉತ್ತರ ಅಮೆರಿಕದ ಮೀನು. ನಮ್ಮ ತುಂಗೆಯಲ್ಲಾಗಲಿ ಶರಾವತಿಯಲ್ಲಾಗಲಿ ಅದಿಲ್ಲ. ನಮ್ಮ ನೀರಿನಲ್ಲಿ ಅದರ ಕೆಲಸ ಮಾಡುವುದು ಕೊರವ. ಮುರುಗೋಡು, ಅವಲು ಎಂದು ಊರಿಗೊಂದು ಹೆಸರು ಇದಕ್ಕೆ. ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಕೂತು, ಮೇಲೆ ಹಾದುಹೋಗುವ ಕಪ್ಪೆಯನ್ನೋ ಮರಿಮೀನನ್ನೋ ಒಂದೇ ಏಟಿಗೆ ನುಂಗುವ ಜಾತಿ. ಹಾಗಾಗಿ ಬಾಸಿಗೆಂದು ತಯಾರಾದ ರಾಡು (ಗಾಳದ ಕೋಲು), ರೀಲು (ದಾರ ಸುತ್ತುವ ರಾಟೆ), ಕಪ್ಪೆ ಲ್ಯೂರು ಕೊರವನಿಗೂ ಚೆನ್ನಾಗಿಯೇ ಒಗ್ಗುತ್ತವೆ. ಒಗ್ಗದಿರುವುದು ಬಾಸಿನ “ಚಳಿಗಾಲದ ಪೆಟ್ಟಿಗೆ”, ಅಂದರೆ ಅವರು ಚಳಿಗೆಂದೇ ಬೇರೆ ಇಟ್ಟುಕೊಳ್ಳುವ ಸಲಕರಣೆ. ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಸ್ ಮರಿ ಸಿಕ್ಕಿದರೆ ನಮ್ಮೂರ ಕೆರೆಗೆ ಬಿಡಬಹುದಾ ಎಂದು ಕೇಳಿದ್ದಾರೆ. ಖಂಡಿತ ಬೇಡ. ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಒಮ್ಮೆ ಬಿಟ್ಟರೆ ಅದು ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಹೊಳೆಗೆ ಹೋಗುತ್ತದೆ. ಮರಳಿ ಹಿಡಿದು ತೆಗೆಯಲು ಯಾರಿಂದಲೂ ಆಗುವುದಿಲ್ಲ.

1. ಮೊದಲು ಮೀನನ್ನು ಅರ್ಥ ಮಾಡಿಕೊಳ್ಳಿ

ಇದನ್ನು ಹಾರಿಸಿ ನೇರ ಲ್ಯೂರಿನ ಭಾಗಕ್ಕೆ ಹೋಗಬೇಡಿ. ಮುಂದಿನ ಎಲ್ಲ ಆಯ್ಕೆಯೂ ಇದರ ಮೇಲೆ ನಿಂತಿದೆ.

ನೀರು ಅತಿ ಹೆಚ್ಚು ಸಾಂದ್ರವಾಗಿ, ಅಂದರೆ ತೂಕವಾಗಿ ಇರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇಲ್ಮೈ ಹೆಪ್ಪುಗಟ್ಟುವ ಸರೋವರಗಳಲ್ಲಿ ಆ ತೂಕದ ನೀರು ತಳಕ್ಕೆ ಇಳಿದು ನಿಲ್ಲುತ್ತದೆ. ಮೇಲಿನದಕ್ಕಿಂತ ತಳವೇ ತುಸು ಬೆಚ್ಚಗಿರುತ್ತದೆ. ಬಾಸ್ ಅಲ್ಲಿಗೆ ಇಳಿದು, ಮೈಯ ವೇಗ ತಗ್ಗಿಸಿಕೊಂಡು, ಅಲುಗಾಡದೆ ದಿನ ದೂಡುತ್ತದೆ. ಆಳಕ್ಕೆ ಮುಳುಗುವ ಲ್ಯೂರು, ತಳದಲ್ಲಿ ಅಲುಗಿಸುವ ಚಿಕ್ಕ ಪ್ಲಾಸ್ಟಿಕ್ ಹುಳು, ಕೂದಲಿನಷ್ಟು ಸಣ್ಣ ದಾರ ಅಲ್ಲಿನವರಿಗೆ ಬೇಕಾಗುವುದು ಆ ಕಾರಣಕ್ಕೆ.

ನಮ್ಮಲ್ಲಿ ಹಾಗಲ್ಲ. ಶಿವಮೊಗ್ಗ ಸುತ್ತ ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ನೀರು ತಂಪಾಗುತ್ತದೆ, ಕೊರೆಯುವಷ್ಟು ಅಲ್ಲ. ಎರಡನೆಯದು ಇನ್ನೂ ಮುಖ್ಯ. ಕೊರವನಿಗೆ ಕಿವಿರಿನ ಉಸಿರು ಸಾಲದು. ತಲೆಯೊಳಗೆ ಗಾಳಿ ಹಿಡಿದಿಡುವ ಗೂಡೊಂದಿದ್ದು, ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಚಳಿಯಿದ್ದರೂ ಸೆಕೆಯಿದ್ದರೂ ಅದು ಮೇಲ್ಮೈಯನ್ನು ಪೂರ್ತಿ ಬಿಟ್ಟು ಹೋಗುವಂತಿಲ್ಲ. ಕೆರೆಯ ದಡದಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ “ಗುಳುಕ್” ಎಂಬ ಸದ್ದಿನ ಜೊತೆ ನೀರಿನಲ್ಲೊಂದು ಉಂಗುರ ಏಳುವುದು ಕಾಣುತ್ತದೆ. ಕೊರವ ಉಸಿರಾಡಿದ ಗುರುತು ಅದು. ಆಳದ ಲ್ಯೂರಿಗೆ ಖರ್ಚು ಮಾಡುವ ಬದಲು ಆ ಉಂಗುರ ಹುಡುಕಲು ಕಲಿಯಿರಿ.

ಬಾಸ್ ಹಿಡಿಯುವವರ ಚಳಿಗಾಲದ ಪಾಠದಲ್ಲಿ ನಮಗೂ ಸಲ್ಲುವುದು ಒಂದೇ: ನಿಧಾನ. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ, ನೀರು ತಣ್ಣಗಾದಂತೆ ಹಸಿವೂ ಓಟವೂ ತಗ್ಗುತ್ತವೆ. ಮಳೆಗಾಲದಲ್ಲಿ ನಾಲ್ಕಾರು ಅಡಿ ಬೆನ್ನಟ್ಟಿ ಬರುತ್ತಿದ್ದ ಕೊರವ ಈಗ ಮೂತಿಯ ಮುಂದೆ ಬಂದದ್ದಕ್ಕೆ ಮಾತ್ರ ಬಾಯಿ ಹಾಕುತ್ತದೆ.

2. ಜಾಗ ಮತ್ತು ಅನುಮತಿ

ರಾಡು ಕೊಳ್ಳುವ ಮುಂಚೆಯೇ ಇದನ್ನು ಬಗೆಹರಿಸಿಕೊಳ್ಳಿ. ನಮ್ಮ ಬಹುತೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ದೊಡ್ಡ ಕೆರೆಯಾದರೆ ಮೀನುಗಾರಿಕೆ ಇಲಾಖೆ, ಸಣ್ಣದಾದರೆ ಗ್ರಾಮ ಪಂಚಾಯಿತಿ. ಗುತ್ತಿಗೆದಾರರು ಮರಿ ಬಿಟ್ಟು ದುಡ್ಡು ಹಾಕಿರುತ್ತಾರೆ. “ಒಂದೇ ಗಾಳ ತಾನೆ” ಎಂದು ಕೇಳದೆ ಕೂರುವುದು ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ನೇರವಾಗಿ ಹೋಗಿ, “ಕೊರವಕ್ಕೆ ಮಾತ್ರ ಅಣ್ಣಾ, ಕಾಟ್ಲಾ ರೋಹು ಮುಟ್ಟಲ್ಲ” ಎಂದು ಕೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ಅವರು ಬಿಟ್ಟ ಮರಿಗಳನ್ನು ತಿನ್ನುವುದೇ ಕೊರವ. ಜಲಾಶಯ, ಹೊಳೆಗಳ ಪರವಾನಗಿಗೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಹೋಗಬಾರದ ಜಾಗಗಳೂ ಇವೆ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆ, ಆಚೆ ಶೃಂಗೇರಿ: ಅಲ್ಲಿ ತುಂಗೆಯ ಮೀನು ದೇವರ ಮೀನು, ಗಾಳ ತೆಗೆಯುವ ಮಾತೇ ಇಲ್ಲ. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಭದ್ರಾ ಅರಣ್ಯಗಳ ಸಂರಕ್ಷಿತ ಭಾಗದಲ್ಲಿ ಮೀನು ಹಿಡಿಯುವುದು ಅಪರಾಧ. ಹಿನ್ನೀರಿನ ಒಂದು ದಡ ಊರಿನದು, ಎದುರಿನದು ಅಭಯಾರಣ್ಯದ್ದು ಎಂಬಂಥ ಜಾಗಗಳಿವೆ. ಗಡಿ ಎಲ್ಲಿದೆಯೆಂದು ಅರಣ್ಯ ಇಲಾಖೆಯವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳಿ.

3. ರಾಡು ಮತ್ತು ರೀಲು

ವಾಟೆ ಕೋಲಿಗೆ ನೈಲಾನ್ ದಾರ, ಬೆಂಡು, ಎರೆಹುಳು ಕಟ್ಟಿ ಬೆಳೆದವರಿಗೆ ರಾಡಿನ ಮೇಲಿನ ಬರಹ ಗೊಂದಲ ತರುತ್ತದೆ. ನೋಡಬೇಕಾದ್ದು ಮೂರೇ.

ಉದ್ದ: ಏಳು ಅಡಿ ಆಸುಪಾಸು. ತೋಟದ ಕೆರೆ, ಮರಗಳ ಸಂದಿಯಾದರೆ ಆರೂವರೆ ಸಾಕು.

ಬಲ: “ಮೀಡಿಯಂ ಹೆವಿ”. ಮಧ್ಯಮಕ್ಕಿಂತ ತುಸು ಗಡುಸು ಎಂದರ್ಥ. ಕಚ್ಚಿದ ಕೊರವ ಮೊದಲು ಮಾಡುವುದೇ ಜೊಂಡಿನ ಬುಡಕ್ಕೆ ನುಗ್ಗುವ ಕೆಲಸ. ಮೆತ್ತನೆಯ ರಾಡಿನಲ್ಲಿ ಅದರ ತಲೆ ತಿರುಗಿಸಲು ಆಗುವುದಿಲ್ಲ. ಬಾಸ್ ವಿಡಿಯೊದ ಚಳಿಗಾಲದ ರಾಡು ಬಳ್ಳಿಯ ಹಾಗೆ ಬಾಗುವಂಥದ್ದು. ತೆರೆದ, ಆಳದ ನೀರಿಗೆ ಅದು ಸರಿ. ತಾವರೆ ಬಳ್ಳಿ ತುಂಬಿದ ನಮ್ಮ ಕೆರೆಗೆ ಆಗದು.

ಎಸೆಯುವ ತೂಕ: ಹಿಡಿಯ ಮೇಲ್ಭಾಗದಲ್ಲಿ ಗ್ರಾಮಿನಲ್ಲಿ ಬರೆದಿರುತ್ತದೆ. 10ರಿಂದ 30 ಗ್ರಾಂ ಇರುವುದನ್ನು ತೆಗೆದುಕೊಳ್ಳಿ. ನಾವು ಕಟ್ಟುವ ಲ್ಯೂರುಗಳೆಲ್ಲ ಅದರೊಳಗೆ ಬರುತ್ತವೆ.

ರೀಲು ಸ್ಪಿನ್ನಿಂಗ್ ಮಾದರಿಯದಿರಲಿ, ಅಳತೆ 3000. ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ನೇತಾಡುತ್ತದೆ, ದಾರ ಸುರುಳಿಯಿಂದ ತಾನಾಗಿ ಬಿಚ್ಚಿಕೊಳ್ಳುತ್ತದೆ. ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟರ್ ಬಲವಾದ ರೀಲೇ. ಆದರೆ ಎಸೆತದ ನಡುವೆ ಹೆಬ್ಬೆರಳಿನ ಹಿಡಿತ ತಪ್ಪಿದರೆ ದಾರ ಕಾಗೆಗೂಡಿನಂತೆ ಸಿಕ್ಕಾಗುತ್ತದೆ. ಮೊದಲ ವರ್ಷ ಅದು ಬೇಡ.

ಇಲ್ಲೊಂದು ಎಚ್ಚರಿಕೆ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಕೆರೆ ಏರಿಗಳ ಮೇಲೆ ಪಂಪ್‌ಸೆಟ್ಟಿನ ತಂತಿ ಜೋತು ಬಿದ್ದಿರುವುದು ಎಲ್ಲ ಕಡೆ ಇದೆ. ಎಸೆಯುವ ಮುನ್ನ ತಲೆಯೆತ್ತಿ ನೋಡಿ. ನಡೆಯುವಾಗ ರಾಡನ್ನು ಅಡ್ಡ ಹಿಡಿದುಕೊಳ್ಳಿ. ಗುಡುಗು ಕೇಳಿದರೆ ಕೆಳಗಿಟ್ಟು ದೂರ ಬನ್ನಿ.

4. ದಾರ

ದುಡ್ಡು ಕಡಿಮೆಯಿದ್ದರೆ ರೀಲಿನಲ್ಲಿ ಉಳಿಸಿ, ದಾರದಲ್ಲಿ ಉಳಿಸಬೇಡಿ. ಬೇಕಾಗಿರುವುದು ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ. ಅದು ಹಿಗ್ಗುವುದಿಲ್ಲ, ಹಾಗಾಗಿ ದೂರದ ಏಟೂ ಕೈಗೆ ತಟ್ಟುತ್ತದೆ. ಚಳಿಗಾಲದ ಮೆತ್ತನೆಯ ಕಚ್ಚುವಿಕೆ ತಿಳಿಯಲು ಈ ಗುಣವೇ ಬೇಕು. ಜೊಂಡಿಗೆ ಸಿಕ್ಕರೆ ಗರಗಸದ ಹಾಗೆ ಎಲೆ ದಂಟುಗಳನ್ನು ಕೊಯ್ದುಕೊಂಡೂ ಬರುತ್ತದೆ.

30ರಿಂದ 40 ಪೌಂಡಿನದು ಸಾಕು. ಪೌಂಡ್ ಎಂದರೆ ಸುಮಾರು 450 ಗ್ರಾಂ. 40 ಪೌಂಡಿನ ದಾರ ತುಂಡಾಗಲು ಸುಮಾರು 18 ಕಿಲೋ ಎಳೆತ ಬೇಕು. ಬ್ರೇಡನ್ನು ಬರಿಯ ಸುರುಳಿಗೆ ನೇರವಾಗಿ ಸುತ್ತಬೇಡಿ, ನುಣುಪಿಗೆ ಇಡೀ ಸುತ್ತೇ ಜಾರುತ್ತದೆ. ಕೆಳಗೆ ಹತ್ತಾರು ಸುತ್ತು ಸಾದಾ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. “ದೊಡ್ಡ ಮೀನು ಎಳೀತು, ರೀಲ್ ಸುತ್ತಿದರೂ ದಾರ ಬರಲೇ ಇಲ್ಲ” ಎಂದು ಬರೆಯುವವರಲ್ಲಿ ಅನೇಕರ ತೊಂದರೆ ಇದೇ.

ಬ್ರೇಡಿನ ತುದಿಗೆ ಲೀಡರ್, ಅಂದರೆ ಸವೆತ ತಡೆಯುವ ದಪ್ಪ ದಾರದ ತುಂಡು. 40 ಪೌಂಡಿನ ನೈಲಾನ್, ಒಂದು ಮೊಳ ಉದ್ದ. ಕೊರವನ ಹಲ್ಲಿಗೂ ಹಿನ್ನೀರಿನ ಬೊಡ್ಡೆಗಳ ಉಜ್ಜಾಟಕ್ಕೂ ತಡೆಯುತ್ತದೆ. ಬ್ರೇಡಿಗೂ ಲೀಡರಿಗೂ ಡಬಲ್ ಯೂನಿ ಗಂಟು, ಲ್ಯೂರಿಗೆ ಪಾಲೊಮಾರ್ ಗಂಟು. ಇವೆರಡನ್ನು ಮನೆಯಲ್ಲಿ ಕೂತು, ಕಣ್ಣು ಮುಚ್ಚಿಯೂ ಬರುವಷ್ಟು ಅಭ್ಯಾಸ ಮಾಡಿ. ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಾಟದ ಬಿಸಿಗೆ ನೈಲಾನ್ ಸೊರಗುತ್ತದೆ.

ಡ್ರ್ಯಾಗ್ ಎಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಡುವ ರೀಲಿನ ಬಿಗಿತ. ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಎಳೆದು, ಸುಮಾರು ನಾಲ್ಕು ಕಿಲೋಗೆ ಬಿಡುವ ಹಾಗೆ ಕೂರಿಸಿ. ಅದಕ್ಕಿಂತ ಸಡಿಲವಾದರೆ ಮೀನು ಬಳ್ಳಿಯೊಳಗೆ ಸೇರಿಕೊಳ್ಳುತ್ತದೆ.

5. ಲ್ಯೂರು: ಮೂರು ಸಾಕು

ನನ್ನ ಮೊದಲ ಚಳಿಗಾಲದ ಪೆಟ್ಟಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಲ್ಯೂರುಗಳಿದ್ದವು. ನೀರಿಗೆ ಇಳಿಯುತ್ತಿದ್ದದ್ದು ಮೂರೇ ಬಗೆ. ಈಗಲೂ ಅವೇ.

ಟೊಳ್ಳು ಕಪ್ಪೆ. ಮೆತ್ತನೆಯ ಪೊಳ್ಳು ಮೈ, ಬೆನ್ನಿಗಂಟಿದ ಎರಡು ಕೊಕ್ಕೆ. ಮೀನು ಕಚ್ಚಿದಾಗ ಮೈ ಚಪ್ಪಟೆಯಾಗಿ ಕೊಕ್ಕೆ ಹೊರಬರುತ್ತದೆ. ಅಲ್ಲಿಯವರೆಗೆ ಅಂತರಗಂಗೆ, ತಾವರೆ ಎಲೆ, ಪಾಚಿ ಯಾವುದರ ಮೇಲೆ ಎಳೆದರೂ ಸಿಕ್ಕುವುದಿಲ್ಲ. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭವಾಗಿ ಅಮುಕಿದರೆ ಮಾತ್ರ ತೆಗೆದುಕೊಳ್ಳಿ. ಚಳಿಗಾಲಕ್ಕಂತೂ ಇದು ಕಡ್ಡಾಯ: ತಣ್ಣನೆ ನೀರಿಗೆ ರಬ್ಬರ್ ಇನ್ನಷ್ಟು ಗಡುಸಾಗುತ್ತದೆ, ಮೀನಿನ ಕಚ್ಚೂ ಮೆತ್ತಗಿರುತ್ತದೆ, ಮೈ ಅಮುಕದಿದ್ದರೆ ಕೊಕ್ಕೆ ತಾಗುವುದೇ ಇಲ್ಲ. ಮಳೆಗಾಲದ ದಪ್ಪ ಕಪ್ಪೆ ಪಕ್ಕಕ್ಕಿಟ್ಟು ಐದಾರು ಸೆಂಟಿಮೀಟರಿನ, 10ರಿಂದ 12 ಗ್ರಾಂ ತೂಕದ್ದನ್ನು ಕಟ್ಟಿ. ಹತ್ತಿಪ್ಪತ್ತು ಎಸೆತಕ್ಕೊಮ್ಮೆ ಒಳಗೆ ಸೇರಿದ ನೀರನ್ನು ಹಿಂಡಿ ತೆಗೆಯಿರಿ.

ಮೆತ್ತನೆಯ ಮೀನು. ಮೂರರಿಂದ ನಾಲ್ಕು ಇಂಚಿನ ರಬ್ಬರ್ ಮೀನು, ಬಾಲದ ತುದಿಯಲ್ಲಿ ಚಪ್ಪಟೆ ತಟ್ಟೆ. ನಿಧಾನವಾಗಿ ಎಳೆದರೂ ಆ ತಟ್ಟೆ ಅಲ್ಲಾಡುತ್ತದೆ, ಚಳಿಗೆ ಬೇಕಾದ ಗುಣ ಅದೇ. ಇದನ್ನು ಟೆಕ್ಸಾಸ್ ರಿಗ್ ರೀತಿಯಲ್ಲಿ ಕಟ್ಟಬೇಕು: ಡೊಂಕು ಕುತ್ತಿಗೆಯ, 3/0 ಅಥವಾ 4/0 ಅಳತೆಯ ಕೊಕ್ಕೆ, ಅದರ ಮುಳ್ಳು ರಬ್ಬರಿನ ಮೈಯೊಳಗೇ ಮರೆಯಾಗಿರಬೇಕು, ಮುಂದೆ ದಾರದಲ್ಲಿ ಮೂರು ನಾಲ್ಕು ಗ್ರಾಮಿನ ಗುಂಡು ಸೀಸ. ಹೆಚ್ಚಿನವರು ತಪ್ಪುವುದು ಕೊಕ್ಕೆಯನ್ನು ಓರೆಯಾಗಿ ಚುಚ್ಚಿ. ಹಾಗಾದರೆ ಲ್ಯೂರು ನೀರಿನಲ್ಲಿ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ದಡದ ಹತ್ತಿರ ಒಮ್ಮೆ ಎಳೆದು, ನೇರ ಈಜುತ್ತದೆಯೇ ನೋಡಿಕೊಂಡೇ ದೂರ ಎಸೆಯಿರಿ. ಕಪ್ಪೆಗೆ ಬಾರದ ದಿನ ನನಗೆ ಮೀನು ಕೊಟ್ಟಿರುವುದು ಹೆಚ್ಚಾಗಿ ಇದೇ.

ಕಳೆ ತಡೆಯುವ ಚಮಚ, ಅಂದರೆ ಸ್ಪೂನ್. ಕೊಕ್ಕೆಯ ಮುಂದೆ ಸಣ್ಣ ತಂತಿ ಅಡ್ಡವಿರುವ ತಗಡಿನ ಲ್ಯೂರು, 10ರಿಂದ 14 ಗ್ರಾಂ. ಗಾಜನೂರು, ಅಂಜನಾಪುರದಂಥ ಜಲಾಶಯಗಳ ತೆರೆದ ಅಂಚಿಗೆ, ದೂರದ ಎಸೆತಕ್ಕೆ. ಹೊಳೆಯಲ್ಲಿ ಇದಕ್ಕೆ ದೊಡ್ಡ ಹುರುಪೆಯ ಮಹಸೀರ್ ಬಂದರೆ ನೀರಿನಲ್ಲಿಯೇ ಬಿಡಿಸಿ ಕಳಿಸಿ.

ಬಣ್ಣದ ಬಗ್ಗೆ ತುಂಬಾ ತಲೆಕೆಡಿಸಿಕೊಳ್ಳಬೇಡಿ. ತಿಳಿನೀರಿಗೆ ಹಸಿರು, ಕಂದು. ರಾಡಿ ನೀರಿಗೂ ಮೋಡದ ದಿನಕ್ಕೂ ಕಪ್ಪು.

ಕೊಳ್ಳಬಾರದ್ದು: ಆಳಕ್ಕೆ ಧುಮುಕುವ, ಹೊಟ್ಟೆಯಲ್ಲಿ ಮೂರು ಮುಳ್ಳಿನ ಕೊಕ್ಕೆಗಳು ತೂಗುವ ಗಟ್ಟಿ ಪ್ಲಾಸ್ಟಿಕ್ ಮೀನುಗಳು. ಬಾಸ್ ವಿಡಿಯೊಗಳಲ್ಲಿ ಚಳಿಗಾಲದ ರಾಜನಂತೆ ಮೆರೆಯುವುದು ಇವೇ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನಿಂತಿವೆ. ಅಲ್ಲಿ ಈ ಲ್ಯೂರು ಹೋದರೆ ಹೋಯಿತು. ತುಂಡಾದ ದಾರದ ಸಮೇತ ನೀರಿನಲ್ಲಿ ಉಳಿದ ಕೊಕ್ಕೆ ಮುಂದೆ ನೀರುನಾಯಿಗೋ ನೀರುಕಾಗೆಗೋ ಚುಚ್ಚುತ್ತದೆ.

ರಬ್ಬರ್ ಮೀನುಗಳನ್ನು ಬಂದ ಕವರಿನಲ್ಲೇ ಇಡಿ. ಗಟ್ಟಿ ಪ್ಲಾಸ್ಟಿಕ್ ಲ್ಯೂರಿನ ಜೊತೆ ಒಂದೇ ಪೆಟ್ಟಿಗೆಗೆ ಹಾಕಿದರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ.

6. ಹೊತ್ತು ಮತ್ತು ದಡ

ಚಳಿಗಾಲದಲ್ಲಿ ನಸುಕಿಗೇ ಎದ್ದು ಓಡಬೇಕಿಲ್ಲ. ಮಂಜು ಕರಗಿ, ಬಿಸಿಲು ನೀರಿನ ಮೇಲೆ ಒಂದೆರಡು ಗಂಟೆ ಬಿದ್ದ ಮೇಲೆ, ಹತ್ತೂವರೆಯಿಂದ ಮಧ್ಯಾಹ್ನ ನಾಲ್ಕರವರೆಗೆ ಒಳ್ಳೆಯ ಹೊತ್ತು.

ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕಾಡು, ಅಡಿಕೆ ತೋಟ ಸುತ್ತುವರಿದ ಕೆರೆಗಳಲ್ಲಿ ದಕ್ಷಿಣದ ದಡ ಮರದ ನೆರಳಿನಲ್ಲಿ ತಣ್ಣಗಿರುತ್ತದೆ, ಉತ್ತರದ ದಡದ ಅಂಚಿಗೆ ದಿನವಿಡೀ ಬಿಸಿಲು. ಮೊದಲು ಉತ್ತರದ ದಡಕ್ಕೆ ಹೋಗಿ. ಮೊಣಕಾಲುದ್ದ ನೀರು, ಕಪ್ಪು ಕೆಸರಿನ ತಳ, ಪಕ್ಕದಲ್ಲೇ ಜೊಂಡು, ಈ ಮೂರೂ ಕೂಡಿದ ಜಾಗ ಸಿಕ್ಕರೆ ಅಲ್ಲಿಂದ ಕದಲಬೇಡಿ. ಕಪ್ಪು ತಳ ಬೇಗ ಬೆಚ್ಚಗಾಗುತ್ತದೆ. ದಡದಲ್ಲಿ ಮೆಲ್ಲಗೆ ಹೆಜ್ಜೆ ಇಡಿ, ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ.

7. ಎಸೆತ, ತಡೆ, ಏಟು

ಉಂಗುರ ಎದ್ದ ಜಾಗದ ಮೇಲೆಯೇ ಎಸೆದರೆ ಮೀನು ಬೆದರುತ್ತದೆ. ಅದರಾಚೆ ಎರಡು ಮಾರು ದೂರಕ್ಕೆ ಎಸೆದು, ಆ ದಾರಿಯಲ್ಲಿ ಎಳೆದು ತನ್ನಿ. ಕಪ್ಪೆ ಬಿದ್ದ ಮೇಲೆ ನೀರಿನ ಅಲೆ ಸುಮ್ಮನಾಗುವವರೆಗೆ ಕಾಯಿರಿ. ಎರಡು ಸಲ ಮೆಲ್ಲಗೆ ಕುಣಿಸಿ, ನಿಲ್ಲಿಸಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಎಲೆಗಳ ನಡುವಿನ ಪ್ರತಿ ತೆರವಿನಲ್ಲೂ ಹೀಗೆ ನಿಲ್ಲಿಸಿ. ಕೊರವ ಹೊಡೆಯುವುದು ಹೆಚ್ಚಾಗಿ ಕಪ್ಪೆ ನಿಂತಾಗ.

ಹೊಡೆತದ ಸದ್ದು ಕೇಳಿದ ಕೂಡಲೇ ರಾಡು ಎತ್ತುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮೀನು ಕಪ್ಪೆಯನ್ನು ತುಟಿಯಲ್ಲಿ ಹಿಡಿದಿರುತ್ತದೆ ಅಷ್ಟೆ, ಎಳೆದರೆ ಕಪ್ಪೆ ಮಾತ್ರ ನಿಮ್ಮ ಮುಖದತ್ತ ಹಾರಿ ಬರುತ್ತದೆ. ರಾಡಿನ ತುದಿ ತಗ್ಗಿಸಿ, ಸಡಿಲ ದಾರ ಸುತ್ತಿಕೊಳ್ಳಿ. ಮಳೆಗಾಲದಲ್ಲಿ ಒಂದು ಉಸಿರು ಕಾದರೆ ಸಾಕು, ಚಳಿಗಾಲದಲ್ಲಿ ಎರಡು. ಮೀನಿನ ತೂಕ ಕೈಗೆ ಸಿಕ್ಕ ಮೇಲೆ ಎರಡೂ ಕೈಯಿಂದ ಎತ್ತಿ ಹೊಡೆಯಿರಿ, ಮತ್ತೆ ಸಡಿಲ ಬಿಡದೆ ಸುತ್ತಿ. ಮೆತ್ತನೆಯ ಮೀನಿನ ಲ್ಯೂರಿಗೆ ಈ ಕಾಯುವಿಕೆ ಬೇಡ. “ಟಕ್” ಎಂದ ಕೂಡಲೇ ಹೊಡೆಯಬಹುದು. ಸಾದಾ ಕನ್ನಡಕವೋ ತಂಪು ಕನ್ನಡಕವೋ ಯಾವಾಗಲೂ ಕಣ್ಣಿಗಿರಲಿ.

8. ಮೀನು ಕೈಗೆ ಬಂದಾಗ

ಬಾಸನ್ನು ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತುವುದನ್ನು ವಿಡಿಯೊದಲ್ಲಿ ನೋಡಿರುತ್ತೀರಿ. ಕೊರವನ ಬಾಯಿಗೆ ಹಾಗೆ ಬೆರಳು ಹಾಕಲೇಬೇಡಿ, ಹಲ್ಲು ಬೆರಳನ್ನು ಸೀಳುತ್ತದೆ. ಲಿಪ್ ಗ್ರಿಪ್, ಅಂದರೆ ತುಟಿ ಹಿಡಿಯುವ ಚಿಮಟ ಒಂದಿರಲಿ. ಕೊಕ್ಕೆ ಬಿಡಿಸಲು ಉದ್ದ ಮೂಗಿನ ಇಕ್ಕಳ. ಮೀನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಿ, ಒಣಕೈಗೆ ಮೈಯ ಲೋಳೆ ಕಿತ್ತು ಬರುತ್ತದೆ. ಅಡಿಗೆಗೆ ಒಂದು ಸಾಕೆಂದರೆ ಒಂದೇ ತನ್ನಿ. ತಿಂಗಳು ಯಾವುದೇ ಇರಲಿ, ಕೆಂಪು ಮರಿಗಳ ಗುಂಪು ಕಂಡರೆ ಆ ಜಾಗಕ್ಕೆ ಗಾಳ ಹಾಕಬೇಡಿ. ಕೆಳಗೆ ಕಾವಲಿಗೆ ತಾಯಿತಂದೆ ಇರುತ್ತವೆ, ಅವು ಹೋದರೆ ಇಡೀ ಗುಂಪು ಬೇರೆ ಮೀನುಗಳ ಪಾಲು.

9. ಉಣುಗು, ಹೂಳು, ನೀರಿನ ಏರಿಳಿತ

ಚಳಿಗಾಲದ ಸಲಕರಣೆ ಪಟ್ಟಿಯಲ್ಲಿ ಯಾವ ವಿಡಿಯೊವೂ ಹೇಳದ ವಸ್ತುವೊಂದನ್ನು ನಾನು ಲ್ಯೂರಿಗಿಂತ ಮೊದಲು ಚೀಲಕ್ಕೆ ಹಾಕುತ್ತೇನೆ: ಉಣುಗು ಹತ್ತದಂತೆ ಹಚ್ಚುವ ತೈಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಚುರುಕಾಗುವುದು ಮಳೆ ನಿಂತ ಮೇಲೆ, ಸರಿಯಾಗಿ ನಮ್ಮ ಗಾಳದ ಕಾಲದಲ್ಲಿ. ಕಾಡಂಚಿನ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡೆಪಾ ಎಂಬ ಈ ತೈಲ ಕೊಡುತ್ತಾರೆ, ಕೇಳಿ ಪಡೆಯಿರಿ. ತುಂಬುತೋಳಿನ ಅಂಗಿ ತೊಡಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತ ಸುದ್ದಿಯಿರುವ ಕಡೆಗೆ ಹೋಗಲೇಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಿ.

ನೀರು ಇಳಿಯುತ್ತಿರುವ ಹಿನ್ನೀರಿನ ದಡ ಮೇಲೆ ಒಣಗಿ ಗಟ್ಟಿ ಕಂಡರೂ ಕೆಳಗೆ ಹೂಳು ಇರುತ್ತದೆ. ತೊಡೆಯವರೆಗೆ ಹೂತುಕೊಂಡವರನ್ನು ಕೋಲು ಕೊಟ್ಟು ಎಳೆದದ್ದು ನಾನೇ ನೋಡಿದ್ದೇನೆ. ಹೊಸ ಜಾಗದಲ್ಲಿ ಮುಂದೊಂದು ಕೋಲು ಚುಚ್ಚಿ ನೋಡುತ್ತಾ ನಡೆಯಿರಿ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಮಳೆಯಿಲ್ಲದೆಯೂ ನೀರು ಏರುತ್ತದೆ, ನಡುಬಂಡೆಯ ಮೇಲೆ ನಿಲ್ಲಬೇಡಿ. ತೆಪ್ಪ, ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಮನೆಯಲ್ಲಿ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿ ಹೊರಡಿ, ಹಿನ್ನೀರಿನ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ.

ಮನೆಗೆ ಬಂದ ಕೂಡಲೇ ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಸ್ನಾನ ಮಾಡುವಾಗ ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ಉಣುಗು ಹತ್ತಿದೆಯೇ ನೋಡಿ. ಮುಂದಿನ ವಾರ ಹತ್ತು ದಿನದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಯದೆ ವೈದ್ಯರ ಹತ್ತಿರ ಹೋಗಿ, ಕಾಡಂಚಿನ ಕೆರೆಗೆ ಹೋಗಿದ್ದೆ ಎಂದು ಮೊದಲೇ ಹೇಳಿ. ರೀಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಡ್ರ್ಯಾಗ್ ಸಡಿಲಿಸಿ ಇಡಿ. ಲೀಡರಿನ ತುದಿಯನ್ನು ಉಗುರಿನ ನಡುವೆ ಎಳೆದು ನೋಡಿ; ತರಿತರಿ ತಟ್ಟಿದರೆ ಅಷ್ಟನ್ನು ಕತ್ತರಿಸಿ, ಹೊಸ ಗಂಟು ಹಾಕಿಟ್ಟು ಮಲಗಿ.